ಗವಾಕ್ಷಿಯನ್ನು ಮುಚ್ಚಿದ ಅನಿಲ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ಮೊಮ್ಮಗಳು ತನ್ನ ಶಾಲೆಯ ಪ್ರಾಜೆಕ್ಟಿಗೆಂದು ಏನನ್ನೋ ಬರೆಯುತ್ತ ಕುಳಿತಿದ್ದವಳು ಇದ್ದಕ್ಕಿದ್ದಂತೆ ತಲೆಯೆತ್ತಿ, "ತಾತ, ಫ್ರಿಜ್ಜಿನೊಳಗಿನ ಅನಿಲದಿಂದ ಭೂಮಿ ಬಿಸಿಯಾಗುತ್ತದಂತೆ. ತಣ್ಣಗೆ ಮಾಡುವುದು ಬಿಸಿ ಹೇಗೆ ಮಾಡುತ್ತದೆ?" ಎಂದು ಕೇಳಿದಳು. ಮೂವತ್ತು ವರ್ಷಕ್ಕೂ ಮಿಗಿಲಾಗಿ ವಿಜ್ಞಾನ ಪಾಠ ಹೇಳಿದವನು ನಾನು. ಆದರೂ ಒಂದು ಕ್ಷಣ ತಡವರಿಸಿದೆ.

ತಡವರಿಸಲು ಕಾರಣವಿತ್ತು. ಓಜೋನ್ ಪದರದ ವಿಷಯ ಪಠ್ಯಪುಸ್ತಕಕ್ಕೆ ಬಂದ ಮೇಲೆ, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು, ಕಪ್ಪು ಹಲಗೆಯ ಮೇಲೆ ಭೂಮಿಗೊಂದು ಕೊಡೆ ಬರೆದು, ಆ ಕೊಡೆಯನ್ನು ತೂತು ಮಾಡುವ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳ ಕಥೆ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಯಾರಾದರೂ ಈ ಅನಿಲಗಳಿಂದ ಭೂಮಿ ಬಿಸಿಯಾಗುತ್ತದೆ ಎಂದು ಬರೆದರೆ, ಓಜೋನ್ ನಾಶವೇ ಬೇರೆ, ಭೂತಾಪವೇ ಬೇರೆ ಎಂದು ಕೆಂಪು ಶಾಯಿಯಲ್ಲಿ ಗೀಟೆಳೆದು ಅಂಕ ಕಳೆಯುತ್ತಿದ್ದೆ. ಎರಡೂ ಬೇರೆಬೇರೆ ಎಂಬುದು ನಿಜ. ಆದರೆ ಎರಡೂ ಕೆಲಸಗಳನ್ನು ಮಾಡುವ ಅನಿಲ ಒಂದೇ ಎಂಬುದೂ ಅಷ್ಟೇ ನಿಜ. ಅದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ, ಏಕೆಂದರೆ ಆಗ ನನಗೇ ತಿಳಿದಿರಲಿಲ್ಲ. ಹಾಗೆ ಬರೆದು ನನ್ನಿಂದ ಅಂಕ ಕಳೆದುಕೊಂಡವರು ಈಗಲಾದರೂ ಕ್ಷಮಿಸಬೇಕು. ಇದನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಶಾಲೆಯೊಂದರಲ್ಲಿ ಕಲಿತ ಹುಡುಗ ಎಂಬ ಸಂಗತಿಯಂತೂ ಬಹಳ ತಡವಾಗಿ ನನ್ನ ಗಮನಕ್ಕೆ ಬಂತು.

ಅವರ ಹೆಸರು ವೀರಭದ್ರನ್ ರಾಮನಾಥನ್. 1944ರಲ್ಲಿ ಆಗಿನ ಮದರಾಸಿನಲ್ಲಿ ಜನಿಸಿದವರು. ಹನ್ನೊಂದು ವರ್ಷದವರೆಗೆ ತಮಿಳು ಮಾಧ್ಯಮದಲ್ಲಿ ಓದಿ, ತರಗತಿಯಲ್ಲಿ ಮುಂದಿದ್ದ ಹುಡುಗ. ಕುಟುಂಬ ಬೆಂಗಳೂರಿಗೆ ಬಂದಾಗ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಬೇಕಾಯಿತು. ಮೇಷ್ಟರು ಹೇಳುವುದು ಒಂದಕ್ಷರವೂ ತಲೆಗೆ ಹತ್ತದೆ, ಮೊದಲ ಸಾಲಿನಲ್ಲಿದ್ದವನು ಕೊನೆಗೆ ಸರಿದುಹೋದ. ತಮಗೆ ಅಂದಿನಿಂದ ಉಪಾಧ್ಯಾಯರ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿ, ಎಲ್ಲವನ್ನೂ ತಾವೇ ಯೋಚಿಸಿ ತಿಳಿದುಕೊಳ್ಳುವುದು ರೂಢಿಯಾಯಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ದೂರುವ ಧಾಟಿಯಲ್ಲಿ ಅಲ್ಲ, ಅದೇ ತಮ್ಮ ಬಂಡವಾಳವಾಯಿತು ಎಂಬ ಧಾಟಿಯಲ್ಲಿ.

ಇದನ್ನು ಓದಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಮುಜುಗರವೇ ಆಯಿತು. ನಾನು ಕೆಲಸ ಮಾಡಿದ ಊರೊಂದರಲ್ಲಿ, ಕನ್ನಡದಲ್ಲಿ ಏಳನೆಯ ತರಗತಿ ಮುಗಿಸಿ ಬಂದ ಹುಡುಗನೊಬ್ಬನನ್ನು ತಂದೆ ಹಟ ಹಿಡಿದು ನಮ್ಮ ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದ್ದರು. ಎರಡು ವರ್ಷ ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಒಮ್ಮೆ ಆಸ್ಪತ್ರೆಯ ಸಲೈನ್ ಕೊಳವೆಯನ್ನು ಎಲ್ಲಿಂದಲೋ ತಂದು, ತೊಟ್ಟಿಯ ನೀರು ತಾನಾಗಿ ಹೂವಿನ ಪಾತಿಗೆ ಹರಿಯುವಂತೆ ಜೋಡಿಸಿದ್ದ. ಕಾರಿಡಾರಿನಲ್ಲಿ ನೀರು ಚೆಲ್ಲಿತೆಂದು ನಾನು ಗದರಿದೆ. ಅದು ಸೈಫನ್ ತತ್ತ್ವ ಎಂದು ಮರುವಾರ ನಾನೇ ಪಾಠ ಮಾಡುವವನಿದ್ದೆ! ಅವನ ಪ್ರಗತಿಪತ್ರದಲ್ಲಿ 'ಗಮನ ಸಾಲದು' ಎಂದು ಬರೆದದ್ದೂ ನಾನೇ. ಹತ್ತನೆಯ ತರಗತಿಯ ಅನಂತರ ಅವನು ಎಲ್ಲಿಗೆ ಹೋದನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವನ ಗುರುತು ಹತ್ತಿ, ಈಗ ಎಲ್ಲಿರುವನೆಂಬುದು ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ.

ರಾಮನಾಥನ್ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ 1965ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದು ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರಿಗೆ ವಹಿಸಿದ ಕೆಲಸ, ಯಂತ್ರದೊಳಗಿನ ಶೀತಕ ಅನಿಲ ಏಕೆ ಸೋರಿಹೋಗುತ್ತದೆ ಎಂದು ಕಂಡುಹಿಡಿಯುವುದು. ಫ್ರಿಜ್ಜಿನ ಕೆಲಸ ನಿಮಗೆ ಗೊತ್ತೇ ಇದೆ. ದ್ರವವೊಂದು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು, ಮತ್ತೆ ದ್ರವವಾಗುವಾಗ ಆ ಶಾಖವನ್ನು ಹೊರಗೆ ಚೆಲ್ಲುತ್ತದೆ. ಮೊದಮೊದಲು ಇದಕ್ಕೆ ಅಮೋನಿಯ, ಗಂಧಕದ ಡೈಆಕ್ಸೈಡ್‌ನಂತಹ ವಿಷಾನಿಲಗಳನ್ನು ಬಳಸುತ್ತಿದ್ದರು. ಸೋರಿದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಕ್ಲೋರೋಫ್ಲೋರೋಕಾರ್ಬನ್‌ಗಳನ್ನು ಮುಂದಿಟ್ಟಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ವಿಷವಿಲ್ಲ, ಬೆಂಕಿ ಹತ್ತುವುದಿಲ್ಲ, ಯಾವುದರೊಂದಿಗೂ ಬೆರೆಯುವುದಿಲ್ಲ. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಿಜ್ಲಿಯವರದು. ಒಬ್ಬನೇ ಮನುಷ್ಯ ವಾಯುಮಂಡಲಕ್ಕೆ ಎರಡು ಬಾರಿ ಹೀಗೆ ಮಾಡಿದ ಉದಾಹರಣೆ ಇನ್ನೊಂದಿಲ್ಲವೇನೋ.) ಆದ್ದರಿಂದ ಅನಿಲ ಸೋರುವುದೆಂದರೆ ಕಾರ್ಖಾನೆಯವರಿಗೆ ನಷ್ಟದ ಬಾಬತ್ತು ಮಾತ್ರ. ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಆ ತರುಣ ಇಂಜಿನಿಯರಿಗೂ ಕಂಡಿರಲಿಲ್ಲ.

ಆ ಕೆಲಸ ಅವರಿಗೆ ಹಿಡಿಸಲಿಲ್ಲ. ಮತ್ತೆ ಬೆಂಗಳೂರಿಗೆ ಬಂದು, ನಾವೆಲ್ಲ ಹಿಂದೆ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಬೆಳಕಿನ ಅಲೆಗಳಿಂದ ಸೂಕ್ಷ್ಮ ಅಳತೆ ಮಾಡುವ ಇಂಟರ್‌ಫೆರೋಮೀಟರ್ ಎಂಬ ಉಪಕರಣದ ಕೆಲಸದಲ್ಲಿ ತೊಡಗಿ 1970ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ತಮಗೆ ಸಂಶೋಧನೆಯ ರುಚಿ ಹತ್ತಿದ್ದು ಅಲ್ಲಿಯೇ. ಅನಂತರ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೋನಿಬ್ರೂಕ್ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ ಮನಸ್ಸಿನಲ್ಲಿದ್ದದ್ದು ಇಂಜಿನಿಯರಿಂಗ್, ಜೊತೆಗೆ ಷೆವ್ರೊಲೆ ಇಂಪಾಲಾ ಎಂಬ ದೊಡ್ಡ ಕಾರನ್ನು ಕೊಳ್ಳುವ ಆಸೆ. ಹೀಗೆಂದು ಅವರೇ ನಗುತ್ತ ಹೇಳಿಕೊಂಡದ್ದುಂಟು. ಆದರೆ ಅಲ್ಲಿ ಅವರ ಮಾರ್ಗದರ್ಶಕರಾದ ರಾಬರ್ಟ್ ಸೆಸ್ ಅಷ್ಟರಲ್ಲಿ ಇಂಜಿನಿಯರಿಂಗನ್ನು ಬದಿಗಿಟ್ಟು ಮಂಗಳ ಮತ್ತು ಶುಕ್ರ ಗ್ರಹಗಳ ವಾಯುಮಂಡಲದ ಅಧ್ಯಯನಕ್ಕೆ ತಿರುಗಿದ್ದರು. ಶಿಷ್ಯನೂ ತಿರುಗಬೇಕಾಯಿತು. ಶುಕ್ರನ ದಟ್ಟವಾದ ಇಂಗಾಲದ ಡೈಆಕ್ಸೈಡ್ ಹೊದಿಕೆಯಲ್ಲಿ ಶಾಖ ಹೇಗೆ ಸಿಕ್ಕಿಬೀಳುತ್ತದೆ ಎಂಬ ಲೆಕ್ಕ ಕೈವಶವಾಯಿತು. 1974ರಲ್ಲಿ ಡಾಕ್ಟರೇಟ್ ದೊರೆಯಿತು.

ಅದೇ ವರ್ಷ ಜೂನ್‌ನಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ಇಬ್ಬರು ರಸಾಯನವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ, ಯಾವುದರೊಂದಿಗೂ ಬೆರೆಯದ ಈ ಕ್ಲೋರೋಫ್ಲೋರೋಕಾರ್ಬನ್‌ಗಳು ಮೇಲೆಮೇಲಕ್ಕೇರಿ, ಅತಿನೇರಳೆ ಕಿರಣಗಳಿಗೆ ಸಿಕ್ಕಿ ಒಡೆದು, ಅವುಗಳೊಳಗಿನ ಕ್ಲೋರಿನ್ ಓಜೋನನ್ನು ತಿನ್ನುತ್ತದೆ ಎಂದು ಬರೆದರು. ಇಪ್ಪತ್ತೊಂದು ವರ್ಷಗಳ ಅನಂತರ ಅವರಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟ ಲೇಖನ ಅದು. ವರ್ಜೀನಿಯದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರಕ್ಕೆ ಆಗತಾನೆ ಸೇರಿದ್ದ ರಾಮನಾಥನ್ ಅವರಿಗೆ ಈ ಅನಿಲಗಳ ಹೆಸರು ಹೊಸದಲ್ಲ. ಸಿಕಂದರಾಬಾದಿನಲ್ಲಿ ತಾವು ಹಿಂದೆ ಬಿದ್ದಿದ್ದ ಅದೇ ಸೋರಿಕೆ! ಸೋರಿದ್ದು ಎಲ್ಲಿಗೆ ಹೋಗುತ್ತದೆಂಬುದು ಈಗ ತಿಳಿಯಿತು. ಅಲ್ಲಿ ಹೋಗಿ ಅದು ಶಾಖಕ್ಕೆ ಏನು ಮಾಡುತ್ತದೆ ಎಂಬುದು ಅವರು ಕೇಳಿಕೊಂಡ ಪ್ರಶ್ನೆ.

ಉತ್ತರವನ್ನು ಮೊಮ್ಮಗಳಿಗೆ ಹೇಳಿದಂತೆಯೇ ಹೇಳುತ್ತೇನೆ. ಹಳೆಯ ಮನೆಗಳ ಅಡುಗೆಮನೆಯಲ್ಲಿ ಮಾಡಿನ ಮೇಲೊಂದು ಗವಾಕ್ಷಿ ಇರುತ್ತಿತ್ತು. ಒಲೆಯ ಹೊಗೆ, ಸೆಕೆ ಎಲ್ಲ ಅದರ ಮೂಲಕ ಹೊರಗೆ. ಬಿಸಿಲಿನಿಂದ ಕಾದ ಭೂಮಿಯೂ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಕಳುಹಿಸುತ್ತದೆ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅವುಗಳಲ್ಲಿ ಬಹುಭಾಗವನ್ನು ತಡೆಯುತ್ತವೆ. ಆದರೆ ಸುಮಾರು 8ರಿಂದ 12 ಮೈಕ್ರೋಮೀಟರ್ ತರಂಗಾಂತರದ ಕಿರಣಗಳಿಗೆ ಈ ಎರಡೂ ಹೆಚ್ಚು ಅಡ್ಡಿಯಾಗುವುದಿಲ್ಲ. ಭೂಮಿಯ ಮಾಡಿನಲ್ಲಿ ಅದೇ ಗವಾಕ್ಷಿ. ಇಂಗಾಲವೂ ಫ್ಲೋರಿನ್–ಕ್ಲೋರಿನ್‌ಗಳೂ ಕೂಡಿದ ಅಣುಗಳು ಹೀರುವುದು ಸರಿಯಾಗಿ ಆ ಕಿರಣಗಳನ್ನೇ. ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಸೇರಿದರೆ ಇರುವ ಹೆಂಚಿನ ಮೇಲೆ ಇನ್ನೊಂದು ಹೆಂಚು ಹೊದಿಸಿದಂತೆ. ಇದಾದರೋ ತೆರೆದ ಗವಾಕ್ಷಿಗೇ ಬಟ್ಟೆ ತುರುಕಿದಂತೆ. ಫ್ರಿಜ್ಜಿನೊಳಗಿದ್ದಾಗ ತಂಪು ಮಾಡುವ ವಸ್ತು, ಹೊರಬಿದ್ದು ಮೇಲೇರಿದಾಗ ಭೂಮಿಯ ಶಾಖ ಹೊರಹೋಗದಂತೆ ಕಾಯುತ್ತದೆ.

ಇಂತಹ ಒಂದು ಅಣು, ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಷ್ಟು ಶಾಖವನ್ನು ತಡೆಯಬಲ್ಲದೆಂದು ಲೆಕ್ಕ ತೋರಿಸಿತು. ಅದು 1975ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಡು-ಮೂರು ಪುಟಗಳ ಲೇಖನವಾಗಿ ಬಂತು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಈ ಅನಿಲಗಳು ಎರಡು ಭಾಗದಷ್ಟಾದರೂ ಸಾಕು, ಭೂಮಿಯ ಉಷ್ಣತೆ ಗಮನಿಸುವಷ್ಟು ಏರಬಹುದೆಂಬುದು ಅದರ ಸಾರ. ಅಲ್ಲಿಯವರೆಗೆ ಹವಾಮಾನ ಬದಲಾವಣೆಯೆಂದರೆ ಇಂಗಾಲದ ಡೈಆಕ್ಸೈಡ್ ಒಂದರದೇ ಮಾತು. ಇಷ್ಟು ಸ್ವಲ್ಪವಿರುವುದು ಇಷ್ಟು ದೊಡ್ಡ ಕೆಲಸ ಮಾಡೀತೆಂದು ಯಾರೂ ಎಣಿಸಿರಲಿಲ್ಲ.

ಇದರ ಫಲ ಮುಂದೆ ಎರಡು ಕವಲಾಗಿ ಹರಿಯಿತು. 1985ರಲ್ಲಿ ರಾಮನಾಥನ್, ಸಿಸೆರೋನ್ ಮೊದಲಾದವರು ಮೀಥೇನ್, ನೈಟ್ರಸ್ ಆಕ್ಸೈಡ್, ಕ್ಲೋರೋಫ್ಲೋರೋಕಾರ್ಬನ್ ಮುಂತಾದ ಅಲ್ಪಪ್ರಮಾಣದ ಅನಿಲಗಳೆಲ್ಲ ಸೇರಿ ಇಂಗಾಲದ ಡೈಆಕ್ಸೈಡಿನಷ್ಟೇ ಬಿಸಿ ತರಬಲ್ಲವೆಂದು ತೋರಿಸಿದರು. ಇನ್ನೊಂದು ಕವಲು 1987ರ ಮಾಂಟ್ರಿಯಲ್ ಒಪ್ಪಂದ. ಅದು ಓಜೋನ್ ರಕ್ಷಣೆಗೆಂದು ಆದದ್ದು. ಆದರೆ 2007ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, 2010ರ ವೇಳೆಗೆ ಅದು ತಡೆಯುವ ಭೂತಾಪ, ಅದಕ್ಕೆಂದೇ ಮಾಡಿಕೊಂಡ ಕ್ಯೋಟೋ ಒಪ್ಪಂದದ ಮೊದಲ ಹಂತದ ಗುರಿಯ ಸುಮಾರು ಐದು ಪಟ್ಟು. ಒಂದು ಹಕ್ಕಿಗೆ ಹೊಡೆದ ಕಲ್ಲಿಗೆ ಇನ್ನೊಂದು, ಇನ್ನೂ ದೊಡ್ಡದು, ಬಿದ್ದಂತಾಯಿತು. ಕ್ಲೋರಿನ್ ಇಲ್ಲದ ಬದಲಿ ಅನಿಲಗಳು ಓಜೋನಿಗೆ ತೊಂದರೆ ಮಾಡದಿದ್ದರೂ ಗವಾಕ್ಷಿಗೆ ಅಡ್ಡ ನಿಲ್ಲುವುದನ್ನು ಬಿಡಲಿಲ್ಲ. ಆದ್ದರಿಂದ 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಸೇರಿ, ಅವುಗಳನ್ನೂ ಕ್ರಮೇಣ ಕಡಿಮೆ ಮಾಡಲು ದೇಶಗಳು ಒಪ್ಪಬೇಕಾಯಿತು.

1980ರಲ್ಲಿ ರೋಲಂಡ್ ಮ್ಯಾಡನ್ ಅವರೊಡನೆ ಸೇರಿ ರಾಮನಾಥನ್ ಇನ್ನೊಂದು ಭವಿಷ್ಯ ನುಡಿದಿದ್ದರು: ಮನುಷ್ಯನಿಂದಾದ ತಾಪ, ಹವಾಮಾನದ ಸಹಜ ಏರಿಳಿತದ ನಡುವೆಯೂ 2000ದ ಹೊತ್ತಿಗೆ ಎದ್ದು ಕಾಣಬೇಕು ಎಂದು. 2001ರ ಅಂತರರಾಷ್ಟ್ರೀಯ ವರದಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಮೋಡಗಳ ವಿಷಯದಲ್ಲಿ ಅವರು ಮಾಡಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮೋಡ ಭೂಮಿಯನ್ನು ತಂಪಾಗಿಸುತ್ತದೆಯೋ ಬಿಸಿಯಾಗಿಸುತ್ತದೆಯೋ ಎಂಬ ಹಳೆಯ ವಾದಕ್ಕೆ 1989ರಲ್ಲಿ ಉಪಗ್ರಹದ ಅಳತೆಗಳಿಂದ ಉತ್ತರ ಕೊಟ್ಟರು. ಒಟ್ಟಿನ ಮೇಲೆ ತಂಪು. ಅದೂ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಉಂಟಾಗುವ ಬಿಸಿಯ ನಾಲ್ಕರಷ್ಟು.

1990ರಲ್ಲಿ ಅವರು ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿಂದ ಅವರ ಕೆಲಸ ಮತ್ತೆ ನಮ್ಮ ಕಡೆಗೆ ತಿರುಗಿತು. ಓಜೋನ್ ಸಂಶೋಧನೆಗೆ ಮೊಲಿನಾ, ರೋಲಂಡ್ ಅವರೊಡನೆ ನೊಬೆಲ್ ಹಂಚಿಕೊಂಡ ಪಾಲ್ ಕ್ರುಟ್ಸನ್ ಅವರ ಜೊತೆಗೂಡಿ ಹಿಂದೂ ಮಹಾಸಾಗರದ ಮೇಲೆ ಒಂದು ದೊಡ್ಡ ಪ್ರಯೋಗ ಕೈಗೊಂಡರು. ಭಾರತದ ತಂಡದ ಮುಂದಾಳು ಎ.ಪಿ. ಮಿತ್ರ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ, ಎಂದರೆ ನೆಲದಿಂದ ಕಡಲಿಗೆ ಬೀಸುತ್ತದೆ. ನಮ್ಮ ಉಪಖಂಡದ ಹೊಗೆ ತೆಂಕಲಿಗೆ ಸಾಗುತ್ತದೆ. ಸಮಭಾಜಕವೃತ್ತದ ಆಚೆ ದಕ್ಷಿಣ ಸಾಗರದ ಶುಭ್ರ ಗಾಳಿ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ಹೋಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? 1999ರ ಜನವರಿಯಿಂದ ಮಾರ್ಚ್‌ವರೆಗೆ ಮಾಲ್ಡೀವ್ಸ್ ದ್ವೀಪಗಳನ್ನು ಕೇಂದ್ರವಾಗಿಟ್ಟುಕೊಂಡು 200ಕ್ಕೂ ಹೆಚ್ಚು ವಿಜ್ಞಾನಿಗಳು ವಿಮಾನ, ಹಡಗು, ಉಪಗ್ರಹಗಳಿಂದ ಅಳೆದರು. ನಮ್ಮ 'ಸಾಗರ ಕನ್ಯಾ' ಹಡಗೂ ಅದರಲ್ಲಿತ್ತು.

ಕಂಡದ್ದು, ಸುಮಾರು ಮೂರು ಕಿಲೋಮೀಟರ್ ಎತ್ತರದವರೆಗೂ ಕವಿದ ಕಂದುಬಣ್ಣದ ಮಬ್ಬು. ಸೌದೆ, ಬೆರಣಿ, ಕಲ್ಲಿದ್ದಲು, ಡೀಸೆಲ್, ಎಲ್ಲದರ ಹೊಗೆಯೂ ಅದರಲ್ಲಿ. ಕಡಲಿಗೆ ತಲಪುವ ಬಿಸಿಲು ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾಗಿತ್ತು. ಮಬ್ಬು ಬಿಸಿಲನ್ನು ಹಿಂದಕ್ಕೆ ಚದುರಿಸುವುದಷ್ಟೇ ಅಲ್ಲ, ಅದರಲ್ಲಿನ ಮಸಿ ಬಿಸಿಲನ್ನು ತಾನೇ ಹೀರಿ ಗಾಳಿಯನ್ನು ಕಾಯಿಸುತ್ತಿತ್ತು. ಕೆಳಗೆ ನೆಲ ತಣ್ಣಗೆ, ಮೇಲೆ ಗಾಳಿ ಬಿಸಿ. ಈ ವ್ಯತ್ಯಾಸವನ್ನು 2000ದಲ್ಲಿ ರಾಮನಾಥನ್ ಅವರೊಂದಿಗೆ 'ನೇಚರ್'ನಲ್ಲಿ ಬರೆದವರು, ಅನಂತರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಎಸ್.ಕೆ. ಸತೀಶ್.

ಇಲ್ಲಿಂದ ಮುಂದೆ ಜಗಳ. 2002ರ ಆಗಸ್ಟ್‌ನಲ್ಲಿ, ಜೋಹಾನ್ಸ್‌ಬರ್ಗ್‌ನ ಭೂಶೃಂಗಸಭೆ ಹತ್ತಿರವಿದ್ದಾಗ, ವಿಶ್ವಸಂಸ್ಥೆಯ ಪರಿಸರ ವಿಭಾಗವು 'ಏಷ್ಯಾದ ಕಂದುಮೋಡ' ಎಂಬ ಹೆಸರಿನಲ್ಲಿ ವರದಿ ಹೊರಡಿಸಿತು. ಆ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟಿತ್ತು. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ತಲೆಬರಹಗಳು. ಆಗ ಆಕ್ಷೇಪ ಎತ್ತಿದವರು ಯಾರು ಬಲ್ಲಿರಾ? ರಾಮನಾಥನ್ ಓದಿದ ಅದೇ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್. ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು, ಈ ವರದಿಯಲ್ಲಿ ಎಷ್ಟು ವಾಸ್ತವ, ಎಷ್ಟು ಕಲ್ಪನೆ ಎಂದು ನೇರವಾಗಿ ಪ್ರಶ್ನಿಸಿದರು. ಮಬ್ಬು ವರ್ಷವಿಡೀ ಇರುವುದಲ್ಲ, ಮಳೆಗಾಲಕ್ಕೆ ಮೊದಲಿನ ತಿಂಗಳುಗಳದು. ಇಂತಹ ಮಬ್ಬು ಏಷ್ಯಾದ ಸ್ವತ್ತೂ ಅಲ್ಲ. ಮುಂಗಾರಿನ ಮೇಲೆ ಅದರ ಪರಿಣಾಮವೆಂದು ಹೇಳಿದ್ದು ಗಣಕಯಂತ್ರದ ಮಾದರಿಗಳನ್ನು ನಂಬಿ ಎಂಬುದು ಅವರ ವಾದದ ತಿರುಳು. ಬಡದೇಶಗಳ ಒಲೆಯ ಹೊಗೆಯನ್ನು ಮುಂದೆ ಮಾಡಿ, ನೂರಾರು ವರ್ಷ ಕಲ್ಲಿದ್ದಲು ಸುಟ್ಟವರು ಜಾರಿಕೊಳ್ಳುತ್ತಾರೆಂಬ ಅನುಮಾನ ಆಗ ನಮ್ಮ ದೇಶದಲ್ಲಿ ಅನೇಕರಿಗಿತ್ತು.

ರಾಮನಾಥನ್, ಕ್ರುಟ್ಸನ್, ಮಿತ್ರ ಮೊದಲಾದವರು ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ಹೆಸರಿನಲ್ಲಿದ್ದ 'ಏಷ್ಯಾ' ಹೋಗಿ 'ವಾಯುಮಂಡಲದ ಕಂದುಮೋಡ' ಎಂದಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಹೆಸರಿನ ವಿಷಯದಲ್ಲಿ ಬೆಂಗಳೂರಿನವರು ಹೇಳಿದ್ದೇ ಸರಿ. ಮಳೆಯ ವಿಷಯದಲ್ಲಿ ಎಚ್ಚರ ಹೇಳಿದ್ದೂ ಸರಿ. ಆದರೆ ಮಬ್ಬು ಇಲ್ಲವೆಂದು ಅವರೂ ಹೇಳಿರಲಿಲ್ಲ. ಒಂದೇ ಅಂಗಳದಲ್ಲಿ ಕಲಿತವರೂ ಕಲಿಸುವವರೂ ಅಳತೆಯನ್ನು ಮುಂದಿಟ್ಟುಕೊಂಡು, ಎಲ್ಲರೂ ಓದಬಹುದಾದ ಪತ್ರಿಕೆಯಲ್ಲಿ ಜಗಳವಾಡಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ವಿಜ್ಞಾನವೆಂದರೆ ಒಮ್ಮತ ಎಂಬಂತೆ ಪಾಠ ಮಾಡಿದವನು ನಾನು.

ಜಗಳದಿಂದ ಕೆಲಸ ನಿಲ್ಲಲಿಲ್ಲ. ಕಂದುಮೋಡ ನಮ್ಮ ಪ್ರದೇಶದ ತಾಪದ ಏರಿಕೆಯಲ್ಲಿ ಅರ್ಧದವರೆಗೂ ಮರೆಮಾಡಿರಬಹುದೆಂದು 2005ರಲ್ಲಿ ತಿಳಿಸಿದರು. ಎಂದರೆ ಹೊಗೆಯನ್ನೆಲ್ಲ ಒಂದೇ ದಿನ ತೊಳೆದರೆ ಮರೆಯಲ್ಲಿದ್ದ ಬಿಸಿ ಮೈಮೇಲೆ ಬಂದೀತು! ಹಾಗೆಂದು ಹೊಗೆಯನ್ನು ಇಟ್ಟುಕೊಳ್ಳುವಂತೆಯೂ ಇಲ್ಲ, ಅದು ಜೀವ ತೆಗೆಯುತ್ತದೆ. ನಮ್ಮ ಭತ್ತದ ಇಳುವರಿಯನ್ನೂ ತಗ್ಗಿಸಿದೆಯೆಂದು 2006ರ ಅಧ್ಯಯನ ತೋರಿಸಿತು. ಅದೇ ವರ್ಷ ಮಾಲ್ಡೀವ್ಸ್‌ನಲ್ಲಿ ಪೈಲಟ್ ಇಲ್ಲದ ಮೂರು ಪುಟ್ಟ ವಿಮಾನಗಳನ್ನು, ಮೋಡದ ಕೆಳಗೊಂದು, ನಡುವೊಂದು, ಮೇಲೊಂದು, ಒಟ್ಟಿಗೆ ಹಾರಿಸಿ, ಮಸಿ ಗಾಳಿಯನ್ನು ಎಷ್ಟು ಕಾಯಿಸುತ್ತದೆಂದು ನೇರವಾಗಿ ಅಳೆದರು. 2014ರಲ್ಲಿ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ರೋಮಿಗೆ ಹೋಗಿದ್ದಾಗ, ವಾಹನ ನಿಲ್ಲಿಸುವ ಜಾಗದಲ್ಲಿ ನಿಂತು ಪೋಪ್ ಫ್ರಾನ್ಸಿಸ್ ಅವರಿಗೆ ಇಡೀ ವಿಷಯವನ್ನು ಎರಡು ವಾಕ್ಯಗಳಲ್ಲಿ ಹೇಳಬೇಕಾಯಿತಂತೆ. ಹೊಗೆಯ ಬಹುಪಾಲು ಜಗತ್ತಿನ ನೂರು ಕೋಟಿ ಸಿರಿವಂತರದು, ಅದರ ಕಷ್ಟ ಮುನ್ನೂರು ಕೋಟಿ ಬಡವರದು ಎಂಬುದೇ ಅವರು ಹೇಳಿದ್ದರ ಭಾವ. 'ಎರಡು ವಾಕ್ಯಗಳಲ್ಲಿ ಉತ್ತರಿಸಿ' ಎಂದು ಪ್ರಶ್ನೆಪತ್ರಿಕೆ ಬರೆಯುತ್ತಿದ್ದ ನಾನು ಆ ಉತ್ತರಕ್ಕೆ ಪೂರ್ಣಾಂಕ ಕೊಡುತ್ತಿದ್ದೆ.

ಮಸಿಯ ಜಾಡು ಕೊನೆಗೆ ಅವರನ್ನು ಅಡುಗೆಮನೆಗೆ ತಂದಿತು. ಬಾಲ್ಯದಲ್ಲಿ ಅಜ್ಜಿ ಒಲೆಯ ಮುಂದೆ ಹೊಗೆಯಲ್ಲಿ ಕೆಮ್ಮುತ್ತಿದ್ದುದನ್ನು ಅವರು ನೆನೆದಿದ್ದಾರೆ. ಇಂಗಾಲದ ಡೈಆಕ್ಸೈಡ್ ವಾಯುಮಂಡಲದಲ್ಲಿ ಶತಮಾನಗಳ ಕಾಲ ಉಳಿದರೆ, ಮಸಿ ಒಂದೆರಡು ವಾರಗಳಲ್ಲಿ ಉದುರುತ್ತದೆ. ಆದ್ದರಿಂದ ಅದನ್ನು ನಿಲ್ಲಿಸಿದರೆ ಫಲ ಬೇಗ ಎಂಬುದು ಅವರ ತರ್ಕ. (ಮಸಿಯಿಂದಾಗುವ ತಾಪ ಇಂಗಾಲದ ಡೈಆಕ್ಸೈಡಿನ ಅನಂತರದ ಸ್ಥಾನದ್ದೆಂದು ಅವರು 2008ರಲ್ಲಿ ಲೆಕ್ಕ ಹಾಕಿದ್ದರು. 2021ರ ಅಂತರರಾಷ್ಟ್ರೀಯ ವರದಿ ಅದನ್ನು ಬಹಳ ಕಡಿಮೆ ಮಾಡಿದೆ. ಹೊಗೆ ಕುಡಿಯುವವರ ಪುಪ್ಪುಸಕ್ಕೆ ಈ ತಿದ್ದುಪಡಿಯಿಂದ ವ್ಯತ್ಯಾಸವಿಲ್ಲ.) 2009ರ ಸುಮಾರಿಗೆ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ 'ಸೂರ್ಯ' ಎಂಬ ಹೆಸರಿನ ಯೋಜನೆ ಆರಂಭವಾಯಿತು. ಹೊಗೆ ಕಡಿಮೆ ಮಾಡುವ ಒಲೆಗಳನ್ನು ಮನೆಗಳಲ್ಲಿ ಪರೀಕ್ಷಿಸಿದರು. ಮಸಿಯನ್ನು ಅಳೆಯುವ ರೀತಿ ಎಷ್ಟು ಸರಳ ನೋಡಿ: ಅಡುಗೆಮನೆಯ ಗಾಳಿಯನ್ನು ಒಂದು ಬಿಳಿಯ ಸೋಸುಕಾಗದದ ಮೂಲಕ ಎಳೆಯುವುದು, ಕಾಗದ ಎಷ್ಟು ಕಪ್ಪಾಯಿತೆಂದು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವುದು.

ನಮ್ಮ ತಾಯಿ ಊದುಕೊಳವೆ ಹಿಡಿದು ಹಸಿಸೌದೆಯೊಡನೆ ಹೋರಾಡುತ್ತಿದ್ದುದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ನನ್ನ ತಮ್ಮತಂಗಿಯರಿಗೆಲ್ಲ ನೆನಪಿದ್ದೀತು. ಅವರ ಕೊನೆಗಾಲದ ಕೆಮ್ಮನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟೆವು. ಗವಾಕ್ಷಿ ಇದ್ದೂ ಮಾಡೆಲ್ಲ ಮಸಿ ಹಿಡಿದು ಮಿರುಗುತ್ತಿತ್ತು. ಇಷ್ಟನ್ನು ಬರೆದು ಮೊಮ್ಮಗಳಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ ಅವಳು, "ತಾತ, ನೀವು ಹೇಳುವ ಗವಾಕ್ಷಿ ನಿಜವಾಗಿ ಹೇಗಿರುತ್ತದೆ?" ಎಂದಳು. ಅವಳು ನೋಡಿಯೇ ಇಲ್ಲ! ಊರಿನ ಹಳೆಯ ಮನೆಯಲ್ಲಿ ಅದಿನ್ನೂ ಹಾಗೆಯೇ ಇದೆ. ದಸರೆಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆಂದು ಹೇಳಿದ್ದೇನೆ.